ತೀವ್ರ ಖಿನ್ನತೆಯ ರೋಗಿಯ ಶುಶ್ರೂಷೆ: ದಾಖಲಾದ ಗಂಟೆಯಿಂದ ಮನೆಗೆ ಮರಳಿದ ವಾರದವರೆಗೆ

ತೀವ್ರ ಖಿನ್ನತೆಯ ರೋಗಿ ವಾರ್ಡಿನಲ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ. ಕೂಗಾಡುವುದಿಲ್ಲ, ಪದೇ ಪದೇ ಕರೆಯುವುದಿಲ್ಲ, ಊಟ ಬೇಡ ಎನ್ನುವುದನ್ನೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಗಲಾಟೆ ಮಾಡುವ ರೋಗಿಯ ಸುತ್ತ ಸಿಬ್ಬಂದಿಯೆಲ್ಲ ನೆರೆದಿರುವಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದವರತ್ತ ಯಾರ ಕಣ್ಣೂ ಹೋಗುವುದಿಲ್ಲ. ಈ ಕಾಯಿಲೆಯ ದೊಡ್ಡ ಅಪಾಯ ಇರುವುದು ಅಲ್ಲೇ. ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಹಿಂದಿರುವ ಮುಖ್ಯ ಕಾಯಿಲೆಗಳಲ್ಲಿ ಖಿನ್ನತೆಯೂ ಒಂದು. ಹಾಗೆಂದು ಇದು ಕೈಚೆಲ್ಲಿ ಕೂರುವ ಕಾಯಿಲೆಯಲ್ಲ. ಸರಿಯಾದ ಚಿಕಿತ್ಸೆ ಸಿಕ್ಕಿದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆ ಚೇತರಿಕೆ ಬರುವವರೆಗೆ ರೋಗಿಯನ್ನು ಜೀವಂತವಾಗಿ, ಸುರಕ್ಷಿತವಾಗಿ, ಒಂಟಿಯಾಗದಂತೆ ಕಾಯುವುದು ನರ್ಸ್‌ನ ಕೆಲಸ. ಡಾಕ್ಟರು ರೌಂಡ್ಸ್‌ಗೆ ಬಂದು ಹೋಗುತ್ತಾರೆ, ಉಳಿದ ಹೊತ್ತೆಲ್ಲ ರೋಗಿಯ ಜೊತೆ ಇರುವವರು ನೀವು.

ಮಾನಸಿಕ ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳನ್ನೂ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವವರಿಗೂ ಇದರ ಬಹುಭಾಗ ಉಪಯೋಗಕ್ಕೆ ಬಂದೀತು. ಔಷಧಿ, ಡೋಸ್‌ಗಳ ನಿರ್ಧಾರ ಮಾತ್ರ ಚಿಕಿತ್ಸೆ ನೀಡುವ ವೈದ್ಯರದ್ದೇ.

ಹೆಜ್ಜೆ 1: ಏನನ್ನು ನೋಡುತ್ತಿದ್ದೀರಿ ಎಂದು ತಿಳಿದುಕೊಳ್ಳಿ

ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ತೀವ್ರ ಖಿನ್ನತೆ ಎನ್ನಬೇಕಾದರೆ ಕನಿಷ್ಠ 2 ವಾರ ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಲಕ್ಷಣಗಳು ಇರಬೇಕು. ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಾಗಲೀ ಸಂತೋಷವಾಗಲೀ ಇಲ್ಲದಿರುವುದು, ಹಸಿವು ಅಥವಾ ತೂಕದ ಏರುಪೇರು, ನಿದ್ದೆಯ ತೊಂದರೆ, ನಡೆನುಡಿ ನಿಧಾನವಾಗುವುದು ಇಲ್ಲವೇ ಕೂತಲ್ಲಿ ಕೂರಲಾಗದ ಚಡಪಡಿಕೆ, ಸುಸ್ತು, ತಾನು ಕೆಲಸಕ್ಕೆ ಬಾರದವನು ಎಂಬ ಭಾವ ಅಥವಾ ಅತಿಯಾದ ಅಪರಾಧಪ್ರಜ್ಞೆ, ಗಮನ ನಿಲ್ಲದಿರುವುದು, ಸಾವಿನ ಯೋಚನೆ ಎಂಬ ಈ 9ರಲ್ಲಿ ಕನಿಷ್ಠ 5 ಇರಬೇಕು. ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು.

ಆದರೆ ಎಲ್ಲ ರೋಗಿಗಳೂ ಅಳುತ್ತಾ ಬರುವುದಿಲ್ಲ. ಕೆಲವರು ಸಿಡುಕುತ್ತಾರೆ. ಕೆಲವರು ತಲೆನೋವು, ಎದೆಭಾರ, ಹೊಟ್ಟೆಯ ತೊಂದರೆ ಎಂದಷ್ಟೇ ಹೇಳುತ್ತಾರೆ. ವಯಸ್ಸಾದವರಲ್ಲಿ ಮರೆವು ಮುಂದಾಗಿ ಕಂಡು, ಮನೆಯವರು ಅದನ್ನು ಅರಳುಮರಳು ಎಂದುಕೊಂಡಿರುತ್ತಾರೆ. “ಅಳು ಬಂದರೆ ಒಳ್ಳೆಯದಿತ್ತು ಸಿಸ್ಟರ್, ಏನೂ ಅನ್ನಿಸುತ್ತಲೇ ಇಲ್ಲ” ಎನ್ನುವವರ ಖಿನ್ನತೆ ಬಹಳ ಆಳದ್ದಿರಬಹುದು.

ಥೈರಾಯ್ಡ್ ಕಡಿಮೆಯಿರುವುದು, ರಕ್ತಹೀನತೆ, ಬಿ12 ಕೊರತೆ, ಸ್ಟಿರಾಯ್ಡ್‌ನಂಥ ಔಷಧಿಗಳು, ಮದ್ಯ ಇವೆಲ್ಲ ಖಿನ್ನತೆಯಂಥದೇ ಚಿತ್ರ ಕೊಡಬಲ್ಲವು. ಆದ್ದರಿಂದ ದಾಖಲಾತಿಯಲ್ಲೇ ಈ ಹಿಂದಿನ ಕಾಯಿಲೆಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಕುಡಿತದ ವಿವರ ಬರೆದುಕೊಳ್ಳಿ. ಇನ್ನೊಂದು ಪ್ರಶ್ನೆಯನ್ನು ಎಂದೂ ಬಿಡಬೇಡಿ: ನಿದ್ದೆಯೇ ಬೇಡವೆನಿಸಿ, ಮೈಯಲ್ಲಿ ವಿಪರೀತ ಹುರುಪು ತುಂಬಿ, ಮಾತು, ಖರ್ಚು, ಯೋಜನೆಗಳೆಲ್ಲ ಹದ್ದು ಮೀರಿದ ಕಾಲ ಹಿಂದೆ ಯಾವಾಗಲಾದರೂ ಇತ್ತೇ? ಇದ್ದರೆ ಅದು ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆಯ ಸುಳಿವು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳಬಹುದು. ರೋಗಿಗೆ ಇದು ನೆನಪಿರುವುದಿಲ್ಲ, ಮನೆಯವರನ್ನು ಕೇಳಿ.

ಹೆಜ್ಜೆ 2: ಮೊದಲ ಭೇಟಿಯನ್ನು ಅವಸರದಲ್ಲಿ ಮುಗಿಸಬೇಡಿ

ಒಳಗೆ ಬಂದ ಕೂಡಲೇ ಮೂವತ್ತು ಪ್ರಶ್ನೆಗಳ ಫಾರಂ ಹಿಡಿದು ನಿಲ್ಲಬೇಡಿ. ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ, ಕೂತುಕೊಳ್ಳಿ, ಮುಖ ಅವರ ಮುಖದ ಮಟ್ಟಕ್ಕೆ ಬರಲಿ. ಖಿನ್ನತೆಯಲ್ಲಿ ಯೋಚನೆಯೇ ನಿಧಾನವಾಗಿರುತ್ತದೆ. ನೀವು ಕೇಳಿದ್ದು ಅರ್ಥವಾಗಿ, ಉತ್ತರ ಹುಡುಕಿ, ಅದು ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ. ಹೊಸಬರು ಆ ಮೌನ ತಡೆಯಲಾರದೆ ಎರಡನೇ ಪ್ರಶ್ನೆ ಹಾಕುತ್ತಾರೆ, ಮೊದಲನೆಯದರ ಉತ್ತರ ಅಲ್ಲೇ ಸತ್ತುಹೋಗುತ್ತದೆ. ಒಂದು ಪ್ರಶ್ನೆ ಕೇಳಿ, ಕಾಯಿರಿ. ಅರ್ಧ ನಿಮಿಷವಾದರೂ ಕಾಯಿರಿ. ಅಷ್ಟು ಹೊತ್ತಿನ ಮೌನ ನಿಮಗೆ ಎಷ್ಟು ದೀರ್ಘವೆನಿಸುತ್ತದೆ ಎಂಬುದು ಮೊದಲ ಸಲ ಮಾಡಿದಾಗ ಗೊತ್ತಾಗುತ್ತದೆ.

ಮೊದಲ ದಿನವೇ ಎಲ್ಲ ಮಾಹಿತಿ ಸಿಗದಿದ್ದರೆ ಪರವಾಗಿಲ್ಲ. ಸಿಗಲೇಬೇಕಾದವು ಇವು: ಸಾವಿನ ಯೋಚನೆ ಇದೆಯೇ, ಕಳೆದ ಕೆಲವು ದಿನಗಳಲ್ಲಿ ಎಷ್ಟು ತಿಂದಿದ್ದಾರೆ, ಎಷ್ಟು ನೀರು ಕುಡಿದಿದ್ದಾರೆ, ಎಷ್ಟು ನಿದ್ದೆ ಮಾಡಿದ್ದಾರೆ, ಮೈಮೇಲೆ ಗಾಯಗಳಿವೆಯೇ, ಯಾವ ಮಾತ್ರೆ ತೆಗೆದುಕೊಂಡಿದ್ದಾರೆ. ತೂಕ, ರಕ್ತದೊತ್ತಡ, ನಾಡಿ, ಬಾಯಿ ಒಣಗಿದೆಯೇ ಎಂಬುದನ್ನು ನೋಡಿ. ಸುಮ್ಮನಿರುವ ರೋಗಿಯ ನಿರ್ಜಲೀಕರಣ ಎಷ್ಟೋ ಸಲ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಖಿನ್ನತೆಯ ಮಟ್ಟ ಅಳೆಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಸರಳವಾದದ್ದು. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆಗಳು, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅಂಕ 10 ಮುಟ್ಟಿದರೆ ಮಧ್ಯಮ, 20 ಮುಟ್ಟಿದರೆ ತೀವ್ರ. ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆ ಕುರಿತದ್ದು. ಅದಕ್ಕೆ 0 ಬಿಟ್ಟು ಬೇರೆ ಏನೇ ಉತ್ತರ ಬಂದರೂ ಒಟ್ಟು ಅಂಕ ಎಷ್ಟೆಂದು ಕೂಡುತ್ತಾ ಕೂರಬೇಡಿ. ಮುಂದಿನ ಹೆಜ್ಜೆಗೆ ಹೋಗಿ. ವಾರಕ್ಕೊಮ್ಮೆ ಅದೇ ಪ್ರಶ್ನಾವಳಿ ಮತ್ತೆ ತುಂಬಿಸಿದರೆ ಚಿಕಿತ್ಸೆ ಹತ್ತುತ್ತಿದೆಯೇ ಎಂಬುದು ಕಾಣುತ್ತದೆ.

ಹೆಜ್ಜೆ 3: ಸಾವಿನ ಬಗ್ಗೆ ನೇರವಾಗಿ ಕೇಳಿ

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ, ಅನುಭವಸ್ಥ ಸಿಬ್ಬಂದಿಗೂ ಇದೆ. ಅದು ತಪ್ಪು. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಯಾರಿಗೂ ಹೇಳಲಾಗದೆ ಒಳಗೇ ಹೊತ್ತುಕೊಂಡಿದ್ದನ್ನು ಇಳಿಸಲು ದಾರಿ ಸಿಕ್ಕಿತೆಂದು ರೋಗಿಗೆ ಹಗುರವಾಗುವುದೇ ಹೆಚ್ಚು.

ಸುತ್ತಿ ಬಳಸಿ ಕೇಳಬೇಡಿ. “ಕೆಟ್ಟ ಯೋಚನೆ ಏನಾದರೂ?” ಎಂದರೆ ರೋಗಿ “ಇಲ್ಲ” ಎಂದು ತಲೆಯಾಡಿಸಿ ಮುಗಿಸುತ್ತಾರೆ. “ನಿಮಗೆ ಅಂಥದ್ದೇನೂ ಇಲ್ಲ ಅಲ್ಲವೇ?” ಎಂದು ಕೇಳಿದರಂತೂ ಇಲ್ಲ ಎಂದೇ ಹೇಳಬೇಕು ಎಂದು ಹೇಳಿಕೊಟ್ಟಂತೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. “ಇಷ್ಟು ಕಷ್ಟ ಅನುಭವಿಸುವಾಗ ಬದುಕೇ ಬೇಡ ಎಂದು ಕೆಲವರಿಗೆ ಅನ್ನಿಸುತ್ತದೆ. ನಿಮಗೆ ಹಾಗೆ ಅನ್ನಿಸಿದ್ದಿದೆಯೇ?” ಹೌದು ಎಂದರೆ, “ಸಾಯಬೇಕು, ಪ್ರಾಣ ಕಳೆದುಕೊಳ್ಳಬೇಕು ಎಂದು ಯೋಚಿಸಿದ್ದೀರಾ?” ಆಮೇಲೆ, “ಹೇಗೆ ಎಂದು ಯೋಚಿಸಿದ್ದೀರಾ? ಅದಕ್ಕೆ ಬೇಕಾದದ್ದು ನಿಮ್ಮ ಕೈಗೆ ಸಿಗುವಂತಿದೆಯೇ? ಯಾವಾಗ ಎಂದು ತೀರ್ಮಾನಿಸಿದ್ದೀರಾ?” ಕೊನೆಗೆ, “ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದಿರಾ?” ಯೋಚನೆ ಮಾತ್ರ ಇರುವವರಿಗಿಂತ ಯೋಜನೆಯೂ ಸಾಧನವೂ ಸಮಯವೂ ಇರುವವರ ಅಪಾಯ ತೀರಾ ಹೆಚ್ಚು. ಹಿಂದಿನ ಪ್ರಯತ್ನ ಮುಂದಿನ ಅಪಾಯದ ಅತಿ ಬಲವಾದ ಸೂಚನೆಗಳಲ್ಲಿ ಒಂದು. ಇವುಗಳ ಜೊತೆಗೆ ಹತಾಶೆ, ಒಂಟಿತನ, ಕುಡಿತ, ಗುಣವಾಗದ ನೋವು, ಇತ್ತೀಚಿನ ಸಾವು ಅಥವಾ ಅವಮಾನ, ಕುಟುಂಬದಲ್ಲಿ ಆತ್ಮಹತ್ಯೆ ಇವನ್ನೂ ತೂಗಿ ನೋಡಿ. ಬದುಕಿಗೆ ಕಟ್ಟಿಹಾಕುವುದು ಏನಿದೆ ಎಂದೂ ಕೇಳಿ. ಮಗು, ತಾಯಿ, ಸಾಕಿದ ನಾಯಿ, ನಂಬಿದ ದೇವರು, ಏನೇ ಇರಲಿ, ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ಹೇಳಬೇಕು. ಒಂದು, “ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ ಸಿಸ್ಟರ್” ಎಂದು ರೋಗಿ ಕೇಳುತ್ತಾರೆ. ಆ ಮಾತು ಕೊಡಬಾರದು. “ನಿಮ್ಮ ಜೀವಕ್ಕೆ ಅಪಾಯ ಎನಿಸಿದ್ದನ್ನು ನಾನು ಚಿಕಿತ್ಸಾ ತಂಡಕ್ಕೆ ಹೇಳಲೇಬೇಕು. ಬೇರೆಯವರಿಗೆ ಹೇಳುವುದಿಲ್ಲ” ಎಂದು ಆಗಲೇ ಸ್ಪಷ್ಟಪಡಿಸಿ. ಎರಡು, “ಏನೂ ಮಾಡಿಕೊಳ್ಳುವುದಿಲ್ಲ” ಎಂದು ರೋಗಿಯಿಂದ ಬರೆಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಕೆಲವೆಡೆ ಇತ್ತು. ಅದು ಯಾರ ಜೀವವನ್ನೂ ಉಳಿಸುತ್ತದೆ ಎನ್ನಲು ಆಧಾರವಿಲ್ಲ. ಸಹಿ ಸಿಕ್ಕಿತೆಂದು ಸಿಬ್ಬಂದಿಯ ನಿಗಾ ಸಡಿಲವಾಗುವುದಷ್ಟೇ ಅದರ ಫಲ.

ಸಹಿಯ ಬದಲು ರೋಗಿಯ ಜೊತೆ ಕೂತು ಸುರಕ್ಷತಾ ಯೋಜನೆ ಬರೆಯಿರಿ. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬಿಬ್ಬರು ಅಮೆರಿಕದ ಮನೋವಿಜ್ಞಾನಿಗಳು ರೂಪಿಸಿದ ಮಾದರಿ ಈಗ ಎಲ್ಲೆಡೆ ಬಳಕೆಯಲ್ಲಿದೆ. ಸಾಯುವ ಯೋಚನೆ ಏರುವ ಮುನ್ನ ತನ್ನಲ್ಲಿ ಏನು ಬದಲಾಗುತ್ತದೆ, ಆಗ ತಾನೊಬ್ಬನೇ ಏನು ಮಾಡಿಕೊಳ್ಳಬಹುದು, ಮನಸ್ಸು ಬೇರೆಡೆ ಹೊರಳಲು ಯಾರ ಬಳಿ ಅಥವಾ ಎಲ್ಲಿಗೆ ಹೋಗಬಹುದು, ಬಾಯಿಬಿಟ್ಟು ಸಹಾಯ ಕೇಳಬಹುದಾದವರು ಯಾರು, ವೈದ್ಯರು ಮತ್ತು ಸಹಾಯವಾಣಿಯ ಸಂಖ್ಯೆ ಏನು, ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ಹೇಗೆ ದೂರವಿಡುವುದು, ಹೀಗೆ 6 ಭಾಗ. ಉತ್ತರಗಳು ರೋಗಿಯ ಬಾಯಿಂದಲೇ ಬರಬೇಕು, ಅವರದೇ ಮಾತಿನಲ್ಲಿರಬೇಕು. ನೀವು ತುಂಬಿಸಿಕೊಟ್ಟ ಹಾಳೆ ಜೇಬಿನಲ್ಲಿ ಮಡಚಿಕೊಂಡೇ ಉಳಿಯುತ್ತದೆ.

ಹೆಜ್ಜೆ 4: ಜಾಗವನ್ನು ಸುರಕ್ಷಿತ ಮಾಡಿ, ನಿಗಾ ಇಡಿ

ಚೂಪಾದವು, ಗಾಜು, ಉದ್ದ ದಾರ ಮತ್ತು ವಯರ್, ಔಷಧಿ, ಶುಚಿಗೊಳಿಸುವ ದ್ರಾವಣ ಇವು ರೋಗಿಯ ಕೈಗೆ ಸಿಗಬಾರದು. ಸಾಮಾನುಗಳನ್ನು ಪರೀಕ್ಷಿಸುವಾಗ ರೋಗಿಯ ಎದುರೇ, ಕಾರಣ ಹೇಳಿ, ಮರ್ಯಾದೆಯಿಂದ ಪರೀಕ್ಷಿಸಿ. ಕಳ್ಳನನ್ನು ತಪಾಸಣೆ ಮಾಡುವಂತೆ ಮಾಡಿದರೆ ಆಗಲೇ ಕುಸಿದಿರುವ ಆತ್ಮಗೌರವ ಇನ್ನಷ್ಟು ಕುಸಿಯುತ್ತದೆ. ಬಂದುಹೋಗುವವರು ತರುವ ಚೀಲಗಳನ್ನೂ ನೋಡಬೇಕು. ನರ್ಸ್ ಕೌಂಟರಿಗೆ ಹತ್ತಿರದ ಹಾಸಿಗೆ ಕೊಡಿ, ಒಂಟಿ ಕೋಣೆ ಬೇಡ.

ಅಪಾಯ ತುಂಬಾ ಇರುವವರ ಜೊತೆ ಒಬ್ಬರು ಸದಾ, ಕೈಗೆಟುಕುವ ದೂರದಲ್ಲೇ ಇರಬೇಕು, ಶೌಚಾಲಯದ ಹೊತ್ತಿನಲ್ಲೂ. ಅದಕ್ಕಿಂತ ಕಡಿಮೆ ಅಪಾಯದವರನ್ನು 15 ನಿಮಿಷಕ್ಕೊಮ್ಮೆ ನೋಡುವ ಕ್ರಮವಿದೆ. ಆದರೆ ಗಡಿಯಾರ ನೋಡಿಕೊಂಡು ಸರಿಯಾಗಿ ಅದೇ ನಿಮಿಷಕ್ಕೆ ಹೋದರೆ ನೀವು ಮತ್ತೆ ಯಾವಾಗ ಬರುತ್ತೀರಿ ಎಂಬುದು ರೋಗಿಗೆ ಗೊತ್ತಾಗುತ್ತದೆ. 15 ನಿಮಿಷ ಮೀರದಂತೆ, ಆದರೆ ಹಿಂದುಮುಂದಾಗಿ ಹೋಗಿ. ಪಾಳಿ ಬದಲಾಗುವ ಹೊತ್ತು, ಊಟದ ಹೊತ್ತು, ಸಿಬ್ಬಂದಿ ಕಡಿಮೆಯಿರುವ ರಾತ್ರಿ, ಬೆಳಗಿನ ಜಾವ, ರಜಾದಿನ ಇವು ನಿಗಾ ಜಾರುವ ಸಮಯಗಳು. ಹ್ಯಾಂಡೋವರ್ ಕೊಡುವಾಗ ಈ ರೋಗಿಯ ಹೆಸರನ್ನು ಮೊದಲು ಹೇಳಿ, ಮತ್ತು ಮಾತು ಮುಗಿಯುವವರೆಗೆ ಒಬ್ಬರು ವಾರ್ಡಿನೊಳಗೇ ಇರುವಂತೆ ನೋಡಿಕೊಳ್ಳಿ.

ನಿಗಾ ಎಂದರೆ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಾ ಕಾವಲು ಕೂರುವುದಲ್ಲ. ಹಾಗೆ ಕಾಯಿಸಿಕೊಂಡವರಿಗೆ ತಾವು ಕೈದಿ ಎನಿಸುತ್ತದೆ. ಅದೇ ಹೊತ್ತನ್ನು ಜೊತೆಗಿರಲು ಬಳಸಿ. ಹಾಸಿಗೆ ಸರಿಪಡಿಸಿ, ಬಟ್ಟೆ ಮಡಚಿ, ಅವರು ಬಯಸಿದರೆ ಎರಡು ಮಾತಾಡಿ.

ಹೆಜ್ಜೆ 5: ಏನು ಮಾತಾಡಬೇಕು, ಏನು ಆಡಬಾರದು

ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಮಾನಸಿಕ ಶುಶ್ರೂಷೆಯ ತಿರುಳು ಎಂದು ಅಮೆರಿಕದ ನರ್ಸಿಂಗ್ ತಜ್ಞೆ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಷ್ಟು ಹಿಂದೆಯೇ ವಾದಿಸಿದ್ದರು. ಖಿನ್ನತೆಯ ರೋಗಿಯ ವಿಷಯದಲ್ಲಿ ಆ ಸಂಬಂಧ ಬೆಳೆಯುವುದು ದೊಡ್ಡ ಮಾತುಗಳಿಂದಲ್ಲ, ಉಳಿಸಿಕೊಂಡ ಸಣ್ಣ ಮಾತುಗಳಿಂದ. “ಹನ್ನೊಂದು ಗಂಟೆಗೆ ಬಂದು ಹತ್ತು ನಿಮಿಷ ನಿಮ್ಮ ಜೊತೆ ಕೂರುತ್ತೇನೆ” ಎಂದರೆ ಹನ್ನೊಂದಕ್ಕೆ ಬನ್ನಿ. ಬರಲಾಗದಿದ್ದರೆ ಯಾರಿಂದಲಾದರೂ ಹೇಳಿ ಕಳಿಸಿ. ತಾನು ಯಾರಿಗೂ ಬೇಡದವನು ಎಂದು ನಂಬಿರುವವರು ನೀವು ಬಾರದ ಆ ಹತ್ತು ನಿಮಿಷವನ್ನು ಆ ನಂಬಿಕೆಗೆ ಸಾಕ್ಷಿಯಾಗಿ ಎತ್ತಿಟ್ಟುಕೊಳ್ಳುತ್ತಾರೆ.

ಅವರು ಮಾತಾಡದಿದ್ದರೂ ಹೋಗಿ ಕೂರಿ. “ನೀವು ಮಾತಾಡಲೇಬೇಕೆಂದಿಲ್ಲ. ನಾನು ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ” ಎಂದಷ್ಟು ಹೇಳಿದರೆ ಸಾಕು. ಒಮ್ಮೆಗೆ ಅರ್ಧ ಗಂಟೆ ಕೂರುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹೊತ್ತು ಕೂರುವುದು ಅವರಿಗೂ ಸಹ್ಯ.

ಕೆಲವು ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬಂದು ಗಾಯ ಮಾಡುತ್ತವೆ. “ಧೈರ್ಯ ತಂದುಕೊಳ್ಳಿ” ಎಂದರೆ ಧೈರ್ಯವಿಲ್ಲದ್ದು ಅವರ ತಪ್ಪು ಎಂದಾಯಿತು. “ನಿಮಗೇನು ಕಡಿಮೆಯಾಗಿದೆ, ಒಳ್ಳೆಯ ಮನೆ, ಒಳ್ಳೆಯ ಮಕ್ಕಳು” ಎಂದರೆ ಅಪರಾಧಪ್ರಜ್ಞೆ ಇಮ್ಮಡಿಯಾಗುತ್ತದೆ. ಏಕೆಂದರೆ ಆ ಪ್ರಶ್ನೆಯನ್ನು ಅವರು ತಮಗೇ ನೂರು ಸಲ ಕೇಳಿಕೊಂಡಿರುತ್ತಾರೆ. “ಎಲ್ಲ ಸರಿಹೋಗುತ್ತದೆ ಬಿಡಿ” ಎಂದರೆ ಇವರಿಗೆ ನನ್ನ ಕಷ್ಟ ತಿಳಿದಿಲ್ಲ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಅತಿ ಲವಲವಿಕೆಯ ದನಿಯೂ ಬೇಡ. ಬದಲಿಗೆ ಹೀಗೆ ಹೇಳಬಹುದು: “ಇದು ಕಾಯಿಲೆ, ನಿಮ್ಮ ದೌರ್ಬಲ್ಯವಲ್ಲ. ಈಗ ನಿಮಗೆ ಸರಿಹೋಗುತ್ತದೆ ಎನ್ನುವ ನಂಬಿಕೆ ಬರುವುದು ಕಷ್ಟ, ಆ ಅಪನಂಬಿಕೆಯೂ ಕಾಯಿಲೆಯ ಭಾಗವೇ. ಇದೇ ಸ್ಥಿತಿಯಲ್ಲಿದ್ದವರು ಚೇತರಿಸಿಕೊಂಡಿದ್ದಾರೆ.”

ಅಮೆರಿಕದ ಮನೋವೈದ್ಯ ಆರನ್ ಬೆಕ್ ಗುರುತಿಸಿದಂತೆ ಖಿನ್ನತೆ ಮೂರರ ಮೇಲೆ ಕಪ್ಪು ಬಳಿಯುತ್ತದೆ: ತನ್ನ ಮೇಲೆ, ಜಗತ್ತಿನ ಮೇಲೆ, ನಾಳೆಯ ಮೇಲೆ. ಅದನ್ನು ವಾದದಿಂದ ಅಳಿಸಲಾಗದು. “ನಾನು ದಂಡ” ಎನ್ನುವವರಿಗೆ “ಛೇ, ಹಾಗನ್ನಬೇಡಿ” ಎಂದರೆ ಅವರು ಇನ್ನೂ ನಾಲ್ಕು ಪುರಾವೆ ಕೊಡುತ್ತಾರೆ. ಕಣ್ಣಿಗೆ ಕಂಡದ್ದನ್ನು ಹೇಳಿ: “ಇವತ್ತು ನೀವೇ ಎದ್ದು ಮುಖ ತೊಳೆದಿರಿ. ನಿನ್ನೆ ಅದಾಗಿರಲಿಲ್ಲ.” ಇದು ಹೊಗಳಿಕೆಯಲ್ಲ, ವರದಿ. ಹೊಗಳಿಕೆಯನ್ನು ಅವರು ತಳ್ಳಿಹಾಕಬಹುದು, ನಡೆದದ್ದನ್ನು ತಳ್ಳಿಹಾಕುವುದು ಕಷ್ಟ.

ಖಿನ್ನತೆ ವಿಪರೀತವಾದಾಗ ಭ್ರಮೆಗಳೂ ಬರಬಹುದು. ತಾನು ಮಹಾಪಾಪಿ, ತನ್ನಿಂದಲೇ ಮನೆ ನಾಶವಾಯಿತು, ಕರುಳು ಕೊಳೆತುಹೋಗಿದೆ ಎಂದು ಗಟ್ಟಿಯಾಗಿ ನಂಬಿರುತ್ತಾರೆ. ಸುಳ್ಳೆಂದು ಸಾಧಿಸಲೂ ಹೋಗಬೇಡಿ, ಹೌದೆಂದೂ ಅನ್ನಬೇಡಿ. “ನಿಮಗೆ ಹಾಗನ್ನಿಸಿ ಎಷ್ಟು ಭಯವಾಗುತ್ತಿರಬೇಕು” ಎಂದು ಭಾವಕ್ಕೆ ಉತ್ತರ ಕೊಡಿ, ಕೂಡಲೇ ವೈದ್ಯರಿಗೆ ತಿಳಿಸಿ. ಸಾಯಲು ಆಜ್ಞಾಪಿಸುವ ದನಿ ಕೇಳುತ್ತಿದೆ ಎಂದರೆ ಅದು ತುರ್ತು ಸ್ಥಿತಿ.

ಹೆಜ್ಜೆ 6: ಊಟ, ನಿದ್ದೆ, ಸ್ನಾನ, ನಡಿಗೆ

“ಏನು ಬೇಕು?” ಎಂಬ ಪ್ರಶ್ನೆ ಖಿನ್ನತೆಯಲ್ಲಿ ಭಾರವಾದದ್ದು. ನಿರ್ಧಾರ ಮಾಡುವ ಶಕ್ತಿಯೇ ಕುಂದಿರುತ್ತದೆ. “ಈಗ ಸ್ನಾನ ಮಾಡೋಣವೇ, ತಿಂಡಿಯಾದ ಮೇಲೆಯೇ?” ಎಂದು ಎರಡೇ ಆಯ್ಕೆ ಕೊಡಿ. ಅದೂ ಆಗದ ದಿನ “ಬನ್ನಿ, ಸ್ನಾನದ ಹೊತ್ತು” ಎಂದು ಟವೆಲ್ ಕೈಗೆ ಕೊಟ್ಟು ಜೊತೆಗೆ ನಡೆಯಿರಿ. ಅವರು ಮಾಡಬಲ್ಲದ್ದನ್ನು ನೀವು ಮಾಡಿಕೊಡಬೇಡಿ, ಮಾಡಲಾಗದ್ದಕ್ಕೆ ಕಾಯಿಸಲೂ ಬೇಡಿ. ಹಲ್ಲುಜ್ಜುವುದನ್ನೇ ಒಂದು ಕೆಲಸವೆಂದು ಲೆಕ್ಕಕ್ಕೆ ಹಿಡಿಯಿರಿ.

ತಟ್ಟೆ ತುಂಬ ಬಡಿಸಿದ್ದನ್ನು ನೋಡಿದರೇ ಅವರಿಗೆ ಸಾಕಾಗಿಬಿಡುತ್ತದೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ, ಇಷ್ಟದ ತಿನಿಸು ಯಾವುದೆಂದು ಮನೆಯವರಿಂದ ತಿಳಿದುಕೊಳ್ಳಿ, ತಿನ್ನುವಾಗ ಪಕ್ಕದಲ್ಲಿರಿ. ತಿಂದದ್ದು, ಕುಡಿದದ್ದು, ಮೂತ್ರ, ಮಲ ಎಲ್ಲ ಚಾರ್ಟಿನಲ್ಲಿರಲಿ. ತೂಕ ವಾರಕ್ಕೊಮ್ಮೆ, ಬೇಕಿದ್ದರೆ ಎರಡು ಸಲ. ಮಲಬದ್ಧತೆ ಕಾಯಿಲೆಯಿಂದಲೂ ಮಾತ್ರೆಯಿಂದಲೂ ಬರುತ್ತದೆ, ರೋಗಿ ತಾವಾಗಿ ಹೇಳುವುದು ಕಡಿಮೆ. ನೀವೇ ಕೇಳಬೇಕು. ಹಾಸಿಗೆ ಬಿಟ್ಟೇಳದವರಲ್ಲಿ ಬೆನ್ನು, ಹಿಮ್ಮಡಿಯ ಚರ್ಮ ದಿನಾ ನೋಡಿ, ಮಗ್ಗುಲು ಬದಲಿಸಿ, ಕಾಲು ಊದಿದೆಯೇ ಗಮನಿಸಿ. ಪೂರ್ತಿ ಊಟ, ನೀರು ಬಿಟ್ಟವರು, ಮಾತೂ ಚಲನೆಯೂ ನಿಂತು ಮರಗಟ್ಟಿದಂತಾದವರು ವೈದ್ಯಕೀಯ ತುರ್ತಿನಲ್ಲಿದ್ದಾರೆ. ನಾಳೆಯ ರೌಂಡ್ಸ್‌ವರೆಗೆ ಕಾಯುವಂತಿಲ್ಲ.

ನಿದ್ದೆಯಲ್ಲಿ ಈ ಕಾಯಿಲೆಯ ಗುರುತು ಬೆಳಗಿನ ಜಾವ ಎಚ್ಚರವಾಗುವುದು. ಮೂರು, ನಾಲ್ಕು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ, ದಿನದ ಅತಿ ಕೆಟ್ಟ ಯೋಚನೆಗಳು ಬರುವುದು ಆಗಲೇ. ಸಂಜೆಗೆ ಕೊಂಚ ಹಗುರವೆನಿಸಬಹುದು. ರಾತ್ರಿ ಪಾಳಿಯವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಹೊತ್ತಿಗೆ ಒಮ್ಮೆ ಹಾಸಿಗೆಯ ಬಳಿ ಹೋಗಿ ಬರಲಿ. ಹಗಲಿನ ನಿದ್ದೆ ಕಡಿಮೆ ಮಾಡಿಸಿ, ಮಧ್ಯಾಹ್ನದ ಮೇಲೆ ಕಾಫಿ ಟೀ ಬೇಡ. ಮುಖ್ಯವಾದ ಮಾತುಕತೆ, ಚಟುವಟಿಕೆಗಳನ್ನು ಅವರು ಹಗುರವಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ.

ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬರುವುದಿಲ್ಲ. ಖಿನ್ನತೆಯಲ್ಲಿ ಕೆಲಸ ಮೊದಲು, ಮನಸ್ಸು ಅದರ ಹಿಂದೆ. ಕಾರಿಡಾರಿನ ತುದಿಯವರೆಗೆ ಐದು ನಿಮಿಷ ನಡಿಗೆ, ಒಂದು ಗಿಡಕ್ಕೆ ನೀರು, ಹೀಗೆ ಸೋಲಲಾಗದಷ್ಟು ಚಿಕ್ಕದರಿಂದ ಶುರುಮಾಡಿ. ಆಮೇಲೆ ಮತ್ತೊಬ್ಬರ ಜೊತೆ, ಆಮೇಲೆ ಗುಂಪಿನಲ್ಲಿ. ಮೊದಲ ದಿನವೇ ಗುಂಪು ಚಟುವಟಿಕೆಗೆ ಎಳೆದೊಯ್ದು ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ನಗಲಾಗದ ತಾನೊಬ್ಬನೇ ಎಂಬ ನೋವಷ್ಟೇ ಅವರಿಗೆ ದಕ್ಕುತ್ತದೆ.

ಹೆಜ್ಜೆ 7: ಔಷಧಿಯ ಬಗ್ಗೆ ಹೇಳಲೇಬೇಕಾದದ್ದು

ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಮೊದಲು ಕೊಡುತ್ತಾರೆ. ವಾಕರಿಕೆ, ತಲೆನೋವು, ಚಡಪಡಿಕೆ ಮೊದಲ ದಿನಗಳಲ್ಲೇ ಬರುತ್ತವೆ. ಗುಣ ಕಾಣಲು ಮಾತ್ರ 2ರಿಂದ 4 ವಾರ ಬೇಕು, ಪೂರ್ಣ ಪರಿಣಾಮಕ್ಕೆ 6ರಿಂದ 8 ವಾರ. ಅಂದರೆ ತೊಂದರೆ ಮೊದಲು, ಉಪಕಾರ ಆಮೇಲೆ. ಇದನ್ನು ಮೊದಲ ಮಾತ್ರೆ ಕೊಡುವಾಗಲೇ ಹೇಳದಿದ್ದರೆ “ಇದೂ ನನಗೆ ಹತ್ತಲಿಲ್ಲ” ಎಂದು ಒಂದೇ ವಾರದಲ್ಲಿ ರೋಗಿ ಕೈಬಿಡುತ್ತಾರೆ. ಲೈಂಗಿಕ ತೊಂದರೆಗಳು ಬರಬಹುದೆಂದೂ ಸಂಕೋಚವಿಲ್ಲದೆ ತಿಳಿಸಿ. ಎಷ್ಟೋ ಜನ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವುದು ಅದಕ್ಕೇ.

25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ ಸಾವಿನ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳಿಗೆ, 2007ರಲ್ಲಿ ಎಳೆಯ ವಯಸ್ಕರಿಗೆ ಅನ್ವಯಿಸಿ ಈ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಕಡ್ಡಾಯ ಮಾಡಿತು. ಔಷಧಿ ಕೊಡಬಾರದೆಂದಲ್ಲ, ಕೊಟ್ಟು ಹತ್ತಿರದಿಂದ ನೋಡಬೇಕೆಂದು. ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ಹೊಸದಾಗಿ ಗೊಂದಲ, ತೂರಾಟ ಕಂಡರೆ ರಕ್ತಪರೀಕ್ಷೆಗೆ ಹೇಳಿ. ಜ್ವರ, ವಿಪರೀತ ಬೆವರು, ನಡುಕ, ಸ್ನಾಯು ಎಗರುವುದು, ಭೇದಿ, ಗಾಬರಿ ಒಟ್ಟಿಗೆ ಕಂಡರೆ ಸೆರೊಟೋನಿನ್ ಸಿಂಡ್ರೋಮ್ (ಸೆರೊಟೋನಿನ್ ಎಂಬ ರಾಸಾಯನಿಕದ ಪ್ರಭಾವ ಮೈಯಲ್ಲಿ ಮಿತಿಮೀರಿದ ಸ್ಥಿತಿ) ಇರಬಹುದು, ಮುಂದಿನ ಡೋಸ್ ತಡೆದು ಕೂಡಲೇ ವೈದ್ಯರನ್ನು ಕರೆಯಿರಿ.

ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂಥ ಹಳೆಯ ಮಾತ್ರೆಗಳಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಎದ್ದು ನಿಂತಾಗ ತಲೆಸುತ್ತು ಬರುತ್ತವೆ. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲು ಕಲಿಸಿ. ಈ ಮಾತ್ರೆಗಳ ಪ್ರಮಾಣ ಮಿತಿಮೀರಿದರೆ ಹೃದಯಕ್ಕೆ ಮಾರಕ. ಮನೆಗೆ ಹೋಗುವಾಗ ಒಮ್ಮೆಗೆ ಕೆಲವೇ ದಿನಗಳ ಮಾತ್ರೆ ಕೊಡಿಸಬೇಕು.

ಮಾತ್ರೆ ಕೊಟ್ಟ ಮೇಲೆ ನುಂಗಿದ್ದನ್ನು ಖಚಿತಪಡಿಸಿಕೊಳ್ಳಿ. ನೀರು ಕುಡಿಸಿ, ಮಾತಾಡಿಸಿ, ಅಗತ್ಯವಿದ್ದರೆ ಬಾಯಿ ತೆರೆದು ತೋರಿಸಲು ಕೇಳಿ. ಕೆನ್ನೆಯಲ್ಲಿ ಅಡಗಿಸಿ ಕೂಡಿಟ್ಟು ಒಟ್ಟಿಗೆ ನುಂಗುವ ಸಾಧ್ಯತೆ ಇದ್ದೇ ಇದೆ.

ವೈದ್ಯರು ಇಸಿಟಿ, ಅಂದರೆ ಮೆದುಳಿಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸುವ ಚಿಕಿತ್ಸೆ ಸೂಚಿಸಿದರೆ ಮನೆಯವರು ಬೆಚ್ಚಿಬೀಳುತ್ತಾರೆ, ಸಿನಿಮಾಗಳು ಮಾಡಿಟ್ಟ ಚಿತ್ರ ಅಂಥದ್ದು. 1938ರಲ್ಲಿ ಇಟಲಿಯಲ್ಲಿ ಶುರುವಾದ ಈ ಚಿಕಿತ್ಸೆಯನ್ನು ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಮಾಡುತ್ತಾರೆ. ಊಟ ಬಿಟ್ಟವರಲ್ಲಿ, ಸಾವಿನ ಅಪಾಯ ತುಂಬ ಇರುವವರಲ್ಲಿ, ಭ್ರಮೆಯಿರುವ ಖಿನ್ನತೆಯಲ್ಲಿ ಇದರಷ್ಟು ಬೇಗ ಫಲ ಕೊಡುವುದು ಕಡಿಮೆ. ಸಾಮಾನ್ಯವಾಗಿ ವಾರಕ್ಕೆ 2 ಅಥವಾ 3ರಂತೆ ಒಟ್ಟು 6ರಿಂದ 12 ಸಲ. ಒಪ್ಪಿಗೆ ಪತ್ರ, ನಿಗದಿಯಾದಷ್ಟು ಗಂಟೆಗಳ ಉಪವಾಸ, ಕಟ್ಟಿಸಿದ ಹಲ್ಲು ಮತ್ತು ಆಭರಣ ತೆಗೆಯುವುದು, ಮೂತ್ರಕ್ಕೆ ಕಳಿಸುವುದು ಮೊದಲಿನ ಸಿದ್ಧತೆ. ಆದಮೇಲೆ ಮಗ್ಗುಲಿಗೆ ಮಲಗಿಸಿ ಉಸಿರು, ನಾಡಿ, ರಕ್ತದೊತ್ತಡ ನೋಡಿ. ಎಚ್ಚರವಾದಾಗ ಗೊಂದಲವಿರುತ್ತದೆ. ಹೆಸರು ಹಿಡಿದು ಕರೆದು, ಎಲ್ಲಿದ್ದಾರೆ, ಏನಾಯಿತು, ನೀವು ಯಾರು ಎಂದು ನಿಧಾನವಾಗಿ ಹೇಳಿ. ಆ ದಿನಗಳ ನೆನಪು ಮಸುಕಾಗಬಹುದೆಂದು ಮೊದಲೇ ತಿಳಿಸಿರಬೇಕು.

ಹೆಜ್ಜೆ 8: ಚೇತರಿಕೆ ಶುರುವಾದಾಗ ನಿಗಾ ಇಳಿಸಬೇಡಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡಬೇಕಾದರೆ ಇದನ್ನು ನೆನಪಿಡಿ. ಚಿಕಿತ್ಸೆ ಹತ್ತತೊಡಗಿದಾಗ ಮೈಯ ಶಕ್ತಿ ಮೊದಲು ಮರಳುತ್ತದೆ, ಹತಾಶೆ ತಡವಾಗಿ ಹೋಗುತ್ತದೆ. ಹಾಸಿಗೆಯಿಂದ ಏಳಲೂ ಆಗದಿದ್ದವರ ಕೈಕಾಲಿಗೆ ಬಲ ಬಂದಿರುತ್ತದೆ, ಸಾಯಬೇಕೆಂಬುದು ಮನಸ್ಸಿನಲ್ಲಿ ಹಾಗೇ ಇರುತ್ತದೆ. ಎಲ್ಲರೂ “ಈಗ ಎಷ್ಟೋ ವಾಸಿ” ಎಂದು ನೆಮ್ಮದಿಪಡುವ ವಾರ ಅದೇ.

ಇನ್ನೂ ಹೆಚ್ಚು ಎಚ್ಚರಿಕೆ ಬೇಕಾದದ್ದು ದಿಢೀರನೆ ಬಂದ ಶಾಂತಿಗೆ. ನಿನ್ನೆಯವರೆಗೆ ಕೊರಗುತ್ತಿದ್ದವರು ಇವತ್ತು ಕಾರಣವಿಲ್ಲದೆ ನಿರಾಳವಾಗಿದ್ದಾರೆ, ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದಾರೆ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾರೆ, ಹಣಕಾಸಿನ ವಿವರ ಬರೆದಿಡುತ್ತಿದ್ದಾರೆ ಎಂದರೆ ಅದು ತೀರ್ಮಾನ ಮಾಡಿಯಾದ ಮೇಲಿನ ಶಾಂತಿ ಇರಬಹುದು. ಆಗ ಮೂರನೇ ಹೆಜ್ಜೆಗೆ ಮರಳಿ, ನೇರವಾಗಿ ಕೇಳಿ, ತಂಡಕ್ಕೆ ತಿಳಿಸಿ. ಕೇಸ್ ಶೀಟಿನಲ್ಲಿ “ರೋಗಿ ಚೆನ್ನಾಗಿದ್ದಾರೆ” ಎಂದು ಬರೆಯುವುದು ಇಂಥಲ್ಲಿ ಅಪಾಯಕರ. ಅವರು ಆಡಿದ ಮಾತನ್ನು ಆಡಿದಂತೆಯೇ, ಮಾಡಿದ್ದನ್ನು ಮಾಡಿದಂತೆಯೇ, ಗಂಟೆ ಸಹಿತ ಬರೆಯಿರಿ.

ಇಲ್ಲೇ ನಿಮ್ಮ ಬಗ್ಗೆಯೂ ಒಂದು ಮಾತು. ದಿನವಿಡೀ ಹತಾಶೆಯ ಪಕ್ಕದಲ್ಲಿ ಕೂತರೆ ಅದು ನಿಮಗೂ ಅಂಟುತ್ತದೆ. ಎಷ್ಟು ಮಾಡಿದರೂ ಬದಲಾಗದ ರೋಗಿಯ ಮೇಲೆ ಸಿಟ್ಟು ಬರುತ್ತದೆ, ಅವರ ಹಾಸಿಗೆಯ ಬಳಿ ಹೋಗುವುದನ್ನೇ ತಪ್ಪಿಸತೊಡಗುತ್ತೀರಿ. ಹಾಗಾಗುತ್ತಿದೆ ಎಂದು ಅನ್ನಿಸಿದ ದಿನವೇ ಹಿರಿಯ ಸಹೋದ್ಯೋಗಿಯ ಬಳಿ ಹೇಳಿಕೊಳ್ಳಿ, ಸಾಧ್ಯವಾದರೆ ನಿರಂತರ ನಿಗಾದ ಕೆಲಸವನ್ನು ಸರದಿಯಲ್ಲಿ ಹಂಚಿಕೊಳ್ಳಿ.

ಹೆಜ್ಜೆ 9: ಮನೆಯವರನ್ನು ಸಿದ್ಧಗೊಳಿಸಿ, ಮನೆಗೆ ಕಳಿಸಿ

ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರ, ಆನಂತರದ ಕೆಲವು ತಿಂಗಳು ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚಿರುವ ಅವಧಿ. ಡಿಸ್ಚಾರ್ಜ್ ಹಾಳೆ ಕೈಗಿತ್ತು ಮುಗಿಸುವ ಕೆಲಸ ಇದಲ್ಲ. ಎರಡು ಮೂರು ದಿನ ಮುಂಚೆಯೇ ಮನೆಯವರನ್ನು ಕೂರಿಸಿ ಮಾತಾಡಿ.

ಇದು ಸೋಮಾರಿತನವಲ್ಲ, ನಾಟಕವಲ್ಲ ಎಂಬುದನ್ನು ಮೊದಲು ಬಿಡಿಸಿ ಹೇಳಿ. ಸದಾ ಟೀಕಿಸುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಮಾತ್ರೆಗಳು ಮನೆಯವರ ಕೈಯಲ್ಲಿ, ಬೀಗದೊಳಗಿರಲಿ. ಕೀಟನಾಶಕ, ಹಳೆಯ ಔಷಧಿ, ಆಯುಧ ಏನಿದ್ದರೂ ರೋಗಿ ಮನೆಗೆ ಬರುವ ಮೊದಲೇ ಹೊರಗೆ ಹೋಗಲಿ. “ಬಂದ ಮೇಲೆ ನೋಡೋಣ” ಎನ್ನುವುದಕ್ಕೆ ಬಿಡಬೇಡಿ. ವಾಸಿಯಾದಂತೆ ಕಂಡ ಮೇಲೂ 6ರಿಂದ 12 ತಿಂಗಳು, ಹಿಂದೆಯೂ ಬಂದಿದ್ದರೆ ಅದಕ್ಕಿಂತ ದೀರ್ಘಕಾಲ ಮಾತ್ರೆ ಬೇಕಾಗುತ್ತದೆ. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ಮೈಯಲ್ಲಿ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಇದು ಚಟವಲ್ಲ, ನಿಧಾನವಾಗಿ ಇಳಿಸಿದರೆ ಕಡಿಮೆಯಾಗುತ್ತದೆ. ಹೆರಿಗೆಯ ನಂತರದ ಖಿನ್ನತೆಯಾದರೆ ತಾಯಿಯ ಜೊತೆ ಮಗುವಿನ ಸುರಕ್ಷತೆಯನ್ನೂ ಕೇಳಿ ತಿಳಿಯಬೇಕು, ರಾತ್ರಿ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಇರುವಂತೆ ಏರ್ಪಾಟು ಮಾಡಿಸಬೇಕು.

ಕಾಯಿಲೆ ಮರುಕಳಿಸುವ ಮುನ್ನ ಪ್ರತಿಯೊಬ್ಬರಿಗೂ ಅವರದೇ ಸೂಚನೆಗಳಿರುತ್ತವೆ. ಒಬ್ಬರಿಗೆ ಬೆಳಗಿನ ಜಾವದ ಎಚ್ಚರ, ಇನ್ನೊಬ್ಬರಿಗೆ ಫೋನ್ ಎತ್ತದಿರುವುದು. ಅವನ್ನು ರೋಗಿ ಮತ್ತು ಮನೆಯವರಿಂದಲೇ ಹೇಳಿಸಿ ಸುರಕ್ಷತಾ ಯೋಜನೆಯ ಹಾಳೆಗೆ ಸೇರಿಸಿ. ಮುಂದಿನ ಭೇಟಿಯ ದಿನಾಂಕ ಒಂದು ವಾರದೊಳಗೆ ಇರಲಿ, ಬಾಯಿಮಾತಿನಲ್ಲಲ್ಲ, ಬರಹದಲ್ಲಿ.

ಮನೆಗೆ ಹೋದ 3 ದಿನದೊಳಗೆ ಒಮ್ಮೆ ಫೋನ್ ಮಾಡಿ. ಮಾತ್ರೆ ತೆಗೆದುಕೊಂಡರೇ, ರಾತ್ರಿ ಎಷ್ಟು ನಿದ್ದೆಯಾಯಿತು, ಇವತ್ತು ಏನು ತಿಂದರು, ಸಾವಿನ ಯೋಚನೆ ಬಂತೇ, ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ ಎಂಬ ಐದು ಪ್ರಶ್ನೆ ಸಾಕು. ರೋಗಿಯ ಜೊತೆ ಮಾತಾಡಿದ ಮೇಲೆ ಮನೆಯವರೊಬ್ಬರ ಜೊತೆಗೂ ಮಾತಾಡಿ. ಎರಡು ಉತ್ತರಗಳು ತಾಳೆಯಾಗದಿದ್ದರೆ, ಅಥವಾ ಫೋನ್ ಯಾರೂ ಎತ್ತದಿದ್ದರೆ, ನಾಳೆ ನೋಡೋಣ ಎಂದು ಬಿಡದೆ ಅಂದೇ ವೈದ್ಯರಿಗೆ ತಿಳಿಸಿ, ಅಂದೇ ಮತ್ತೆ ಕರೆ ಮಾಡಿ.